ಮನೆಯೊಳಗೆ ಹೆಣ, ಕೈಯಲ್ಲಿ ಓಲೆಗರಿ

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಿತ್ರೀಕರಣವಾದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಚಿತ್ರಕ್ಕೆ ಆಧಾರವಾದ ಅನಂತಮೂರ್ತಿಯವರ 1965ರ ಕಾದಂಬರಿಯ ದೂರ್ವಾಸಪುರ ಮಾಧ್ವರ ಅಗ್ರಹಾರ. ಅದಕ್ಕೆ ಅದ್ವೈತ ಪೀಠದ ನೆರೆಯೂರು ಒದಗಿಬಂದದ್ದು ಒಂದು ತಮಾಷೆ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೊವನ್ ಮಲೆನಾಡಿನ ಹಸಿರನ್ನೆಲ್ಲ ಕಪ್ಪುಬಿಳುಪಿಗೆ ಇಳಿಸಿದ್ದಾರೆ. ಮರದ ಕಂಬ, ಕತ್ತಲ ಜಗಲಿ, ಬರಿಯೆದೆಗಳು ಮಾತ್ರ ಉಳಿದು ಕಣ್ಣಿಗೆ ತಂಪೆಂಬುದೇ ಸಿಗುವುದಿಲ್ಲ. ಚಿತ್ರದ ದೊಡ್ಡ ಗೆಲುವು ಅದೇ.

ಸೋಲು ಬ್ರಾಹ್ಮಣರ ಚಿತ್ರಣದಲ್ಲಿದೆ. ಆಚಾರ ಬಿಟ್ಟು ಬಾಳಿದ ನಾರಣಪ್ಪ ಸತ್ತಿದ್ದಾನೆ, ಹೆಣ ಎತ್ತುವ ತನಕ ಅಗ್ರಹಾರಕ್ಕೆ ಊಟವಿಲ್ಲ. ಅವನ ಸಂಗಾತಿ ಚಂದ್ರಿ ಶವಸಂಸ್ಕಾರಕ್ಕೆಂದು ಒಡವೆ ಬಿಚ್ಚಿಟ್ಟ ಕೂಡಲೇ ಎಲ್ಲರ ಬಾಯಲ್ಲೂ ನೀರು. ನೋಡುಗ ನಗುತ್ತಾನೆ, ಹಗುರಾಗುತ್ತಾನೆ. ಮತಾಂಧತೆ ಬರೀ ದುರಾಸೆಯಾಗಿದ್ದರೆ ಅದಕ್ಕೆ ಹೆದರಬೇಕಾದ್ದೇನಿತ್ತು? ಹೆದರಬೇಕಾದ್ದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ. ಅವರಿಗೆ ಆಸೆಯಿಲ್ಲ, ಸಿಟ್ಟಿಲ್ಲ, ಕಾಯಿಲೆಯ ಹೆಂಡತಿಯ ಸೇವೆಯಲ್ಲೂ ಕೊರತೆಯಿಲ್ಲ. ಅಂಥವರು ಪಕ್ಕದ ಮನೆಯಲ್ಲಿ ಹೆಣ ಕೊಳೆಯುತ್ತಿರುವಾಗ ಸಂಸ್ಕಾರ ಮಾಡಬಹುದೇ ಎಂದು ಓಲೆಗರಿ ಮಗುಚುತ್ತ ಕೂರುತ್ತಾರೆ, ಮಾರುತಿಯ ಬಲಗಡೆಯ ಹೂವು ಬೀಳಲೆಂದು ಕಾಯುತ್ತಾರೆ. ಅಪ್ಪಣೆಯಿಲ್ಲದೆ ಕರುಣೆಯೂ ಹುಟ್ಟದಷ್ಟು ಗಟ್ಟಿ ಶ್ರದ್ಧೆ ಅದು. ಮೂವತ್ತರ ಆಸುಪಾಸಿನ ಗಿರೀಶ ಕಾರ್ನಾಡರು ಪಾತ್ರಕ್ಕೆ ಎಳಸು ಎಂದವರಿದ್ದಾರೆ. ನನಗಂತೂ ಆ ಪ್ರಾಯವೇ ಸರಿ ಎನಿಸಿತು: ಮೈಗೆ ವಯಸ್ಸಾಗದವನ ವೈರಾಗ್ಯ ಅದು, ಚಂದ್ರಿಯೊಡನೆ ಕಾಡಿನ ಒಂದು ರಾತ್ರಿಗೆ ಕುಸಿಯುತ್ತದೆ.

ಕಾದಂಬರಿಯ ನಿಜವಾದ ಹುಡುಗ ಶ್ರೀಪತಿಗೆ ಈ ಸಂಕಟವೇ ಇಲ್ಲ. ಯಕ್ಷಗಾನದ ಹುಚ್ಚು, ಅಗ್ರಹಾರದ ಹೊರಗಿನ ಬೆಳ್ಳಿಯ ಸಂಗ, ಬೆಳಗಾದರೆ ಮತ್ತೆ ಅಗ್ರಹಾರದ ಅಳಿಯ. ನಂಬಿಕೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದವನಲ್ಲ, ಹಾಗಾಗಿ ಕಳೆದುಕೊಳ್ಳುವುದೂ ಇಲ್ಲ. ಅವನ ಪಕ್ಕದಲ್ಲಿಟ್ಟು ನೋಡಿದರೆ ನಾರಣಪ್ಪನೂ ಒಬ್ಬ ಕರ್ಮಠನೇ. ಸಾಲಿಗ್ರಾಮವನ್ನು ಹೊಳೆಗೆ ಎಸೆಯುವುದಕ್ಕೂ ಅದರ ಮಹಿಮೆ ನಂಬಿರಬೇಕು.

ಇಂಥ ಕಥೆಗೆ ಹೆದರಿದವರೂ ಇದ್ದರು: ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನೇ ತಡೆಯಿತು. ಬಿಡುಗಡೆಯಾದ ಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು.

ಹೆಣಕ್ಕೆ ಕೊನೆಗೆ ಬೆಂಕಿ ಕೊಡಿಸುವವಳು ಚಂದ್ರಿ, ಒಬ್ಬ ಮುಸ್ಲಿಮನ ನೆರವಿನಿಂದ. ಓಲೆಗರಿ ನೋಡದೆ, ಯಾರನ್ನೂ ಕೇಳದೆ. ಅಲ್ಲಿಂದಾಚೆ ಕಥೆ ಅವಳನ್ನು ಕೈಬಿಟ್ಟು ಆಚಾರ್ಯರ ತಳಮಳದ ಹಿಂದೆ ಹೋಗುತ್ತದೆ. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರ ಮುಖದಲ್ಲಿ ಆ ತಳಮಳಕ್ಕಿಂತ ಹೆಚ್ಚಿನ ಕಥೆಯಿತ್ತು. ಊರು ಬಿಟ್ಟಿದ್ದ ಆಚಾರ್ಯರಾದರೋ ಮರಳುತ್ತಾರೆಯೇ ಹೊರತು ಅಗ್ರಹಾರದ ಎದುರು ನಿಂತು ಆ ರಾತ್ರಿಯ ಬಗ್ಗೆ ಬಾಯಿಬಿಡುವ ಗಳಿಗೆ ಬರುವುದೇ ಇಲ್ಲ. ಇದನ್ನು ಕಲೆಗಾರಿಕೆ ಎಂದು ಹೊಗಳುವವರಿದ್ದಾರೆ. ನನಗೆ ಜಾರಿಕೊಂಡಂತೆ ಕಂಡಿದೆ.