ಹಾರ್ಡಿನ್‌ರ ಹುಲ್ಲುಗಾವಲು, ಕುಸನೂರಿನ ನೀಲಗಿರಿ

ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರು 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಟ್ರ್ಯಾಜಿಡಿ ಆಫ್ ದಿ ಕಾಮನ್ಸ್’ ಎಂಬ ಪ್ರಬಂಧವು ಗಾತ್ರದಲ್ಲಿ ಕಿರಿದಾದರೂ ಪ್ರಭಾವದಲ್ಲಿ ಹಿರಿದು. ಅದರ ವಾದ ಸರಳ. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು ದನವನ್ನು ಬಿಡಲು ಹವಣಿಸುತ್ತಾನೆ. ಲಾಭ ಅವನೊಬ್ಬನದು, ನಷ್ಟ ಎಲ್ಲರದು. ಕೊನೆಗೆ ಹುಲ್ಲುಗಾವಲೇ ಬರಿದಾಗುತ್ತದೆ. ಆದುದರಿಂದ ಇಂತಹ ಸಂಪತ್ತು ಖಾಸಗಿಯವರ ಸ್ವತ್ತಾಗಬೇಕು, ಇಲ್ಲವೇ ಪ್ರಭುತ್ವದ ಹಿಡಿತಕ್ಕೆ ಬರಬೇಕು ಎಂಬ ತೀರ್ಮಾನಕ್ಕೆ ಅದು ವಾಚಕರನ್ನು ಒಯ್ಯುತ್ತದೆ.

ಈ ತೀರ್ಮಾನವನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ನೆಲದಲ್ಲಿ ಊರೊಟ್ಟಿನ ಗಾಯರಾಣ, ಕುರುಚಲು ಗುಡ್ಡ, ಕೆರೆಯಂಗಳಗಳೇ ಹೊಲವಿಲ್ಲದವರ ಆಸ್ತಿ. ದನಕ್ಕೆ ಮೇವು, ಒಲೆಗೆ ಕಟ್ಟಿಗೆ, ಹೊಲಕ್ಕೆ ಸೊಪ್ಪು ಅಲ್ಲಿಂದಲೇ ಬರಬೇಕು. ಎನ್. ಎಸ್. ಜೋಧಾ ಅವರು 1986ರಲ್ಲಿ ಪ್ರಕಟಿಸಿದ, ಕರ್ನಾಟಕವನ್ನೂ ಒಳಗೊಂಡ ಒಣಪ್ರದೇಶಗಳ ಅಧ್ಯಯನವು ಇಂತಹ ಭೂಮಿಯ ಮೇಲೆ ಬಡವರ ಅವಲಂಬನೆಯೇ ಹೆಚ್ಚೆಂಬುದನ್ನು ಅಂಕಿಗಳ ಸಹಿತ ತೋರಿಸಿತು.

ಆದರೆ ದಫ್ತರದಲ್ಲಿ ಈ ಭೂಮಿಗಿದ್ದ ಹೆಸರು ಬೇರೆ: ‘ಸಿ’ ಮತ್ತು ‘ಡಿ’ ವರ್ಗದ ಸರಕಾರಿ ಜಮೀನು. 1984ರಲ್ಲಿ ರಾಜ್ಯ ಸರಕಾರವು ಹರಿಹರ ಪಾಲಿಫೈಬರ್ಸ್‌ನೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಅದರಲ್ಲಿ ಸರಕಾರದ ಪಾಲು ಶೇಕಡಾ 51, ಕಾರ್ಖಾನೆಯದು 49. ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳನ್ನು ನೆಡಲು ಈ ಕಂಪನಿಗೆ ಸುಮಾರು 75,000 ಎಕರೆ ಊರೊಟ್ಟಿನ ಭೂಮಿಯನ್ನು ಗೇಣಿಗೆ ಕೊಡುವುದೆಂದು ನಿಶ್ಚಯವಾಯಿತು. ದನಕರುಗಳು ಬಾಯಿಡದ ಎಲೆ, ರೇಯಾನಿನ ತಿರುಳಿಗೆ ಒದಗುವ ಕಾಂಡ: ಇದು ಯಾರ ಅಗತ್ಯಕ್ಕಾಗಿ ಆಯ್ದ ಮರವೆಂಬುದನ್ನು ವಿವರಿಸಬೇಕಾಗಿಲ್ಲ.

ಹಾರ್ಡಿನ್ ಸೂಚಿಸಿದ ಎರಡು ಮದ್ದುಗಳನ್ನೂ ಇಲ್ಲಿ ಒಂದೇ ಬಟ್ಟಲಲ್ಲಿ ಕಲಸಿ ಕುಡಿಸಲಾಯಿತು. ಪ್ರಭುತ್ವದ ಒಡೆತನವೂ ಇತ್ತು, ಖಾಸಗಿ ಬಂಡವಾಳವೂ ಇತ್ತು. ಹುಲ್ಲು ಮಾತ್ರ ಉಳಿಯಲಿಲ್ಲ. ಭೂಮಿ ಕೈತಪ್ಪಿದ್ದು ದನಗಾಹಿಯ ದುರಾಸೆಯಿಂದಲ್ಲ, ಬಳಸುವವರನ್ನು ಕೇಳದೆ ಆದ ಒಪ್ಪಂದದಿಂದ. ಈ ಸಾಧ್ಯತೆಯನ್ನು ಹಾರ್ಡಿನ್‌ರ ಪ್ರಬಂಧ ಊಹಿಸಿಯೇ ಇಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಡಾ. ಶಿವರಾಮ ಕಾರಂತ ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಗಿಡ ನೆಡುವುದಕ್ಕೆ ಈ ಸೀಮೆಯವರು ‘ಹಚ್ಚುವುದು’ ಎನ್ನುತ್ತಾರೆ. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ಮೇವಿಗೂ ಹಣ್ಣಿಗೂ ಒದಗುವ ಸಸಿಗಳನ್ನು ಅಲ್ಲಿ ಹಚ್ಚಿದರು. ಬೆಳೆಯುವ ಸಸಿಯನ್ನು ಕೀಳುವುದು ಏಕೇಂದ್ರಿಯ ಜೀವದ ಹಿಂಸೆಯಲ್ಲವೇ ಎಂಬ ಪ್ರಶ್ನೆ ಶ್ರಾವಕರಲ್ಲಿ ಏಳುವುದು ಸಹಜ. ಹಿಂಸೆಯೇ ಹೌದು, ಬೇರೊಂದನ್ನು ಹಚ್ಚಿದ ಮಾತ್ರಕ್ಕೆ ಅದು ಅಳಿಯದು. ಆದರೆ ಮೇವಿಲ್ಲದೆ ಬಡವಾಗುವ ದನವನ್ನೂ ಆ ಲೆಕ್ಕದಲ್ಲಿ ಹಿಡಿಯಬೇಕು. 1991ರಲ್ಲಿ ಕಂಪನಿ ಮುಚ್ಚಿತು.

ಹಾರ್ಡಿನ್‌ರಿಗೆ ನಿಜವಾದ ಶಾಸ್ತ್ರೀಯ ಉತ್ತರ ಕೊಟ್ಟವರು ಎಲಿನರ್ ಆಸ್ಟ್ರಂ. 1990ರ ತಮ್ಮ ಗ್ರಂಥದಲ್ಲಿ ಅವರು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯ ಕಟ್ಟಳೆಯನ್ನು ಎತ್ತಿಕೊಳ್ಳುತ್ತಾರೆ: ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಡಬಹುದು. 1517ರ ಈ ನಿಯಮ ಶತಮಾನಗಳ ಕಾಲ ನಡೆದುಬಂದಿತು. ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಗೌರವ ಸಂದಿತು. ಸ್ವತಃ ಹಾರ್ಡಿನ್ ಕೂಡ 1990ರ ದಶಕದಲ್ಲಿ, ತಾವು ಹೇಳಿದ್ದು ನಿರ್ವಹಣೆಯಿಲ್ಲದ ಸಾಮೂಹಿಕ ಸಂಪತ್ತಿನ ಮಾತು ಎಂದು ತಿದ್ದಿಕೊಂಡರು. ಆ ವೇಳೆಗೆ ಮೂಲ ಪ್ರಬಂಧ ತನ್ನ ಕೆಲಸ ಮಾಡಿ ಮುಗಿಸಿತ್ತು.

ಹಾಗೆಂದು ಹಾರ್ಡಿನ್‌ರನ್ನು ಪೂರ್ತಿ ತಳ್ಳಿಹಾಕುವುದೂ ಸಲ್ಲದು. ಗಾಯರಾಣದ ಅಂಚನ್ನು ವರ್ಷಕ್ಕೊಂದು ಸಾಲಿನಂತೆ ಉತ್ತು ತನ್ನ ಹೊಲಕ್ಕೆ ಸೇರಿಸಿಕೊಳ್ಳುವವನು ಹೊರಗಿನವನಲ್ಲ, ಊರಿನವನೇ, ಹೆಚ್ಚಾಗಿ ಉಳ್ಳವನೇ. ಹಳ್ಳಿಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆದೇಶಿಸಬೇಕಾಯಿತು. ಪರಿಗ್ರಹಪರಿಮಾಣ ಅಣುವ್ರತದ ಅತಿಚಾರಗಳಲ್ಲಿ ಕ್ಷೇತ್ರವಾಸ್ತುವಿನೊಡನೆ ಧನಧಾನ್ಯವೂ ಸೇರಿದೆ. ಅಲ್ಲಿ ‘ಧನ’ವೆಂದರೆ ಗೋವು ಮೊದಲಾದ ಪಶುಸಂಪತ್ತು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಟೋರ್ಬೆಲ್ಲಿನ ಕಟ್ಟಳೆಗೂ ಈ ವ್ರತಕ್ಕೂ ಇರುವ ಸಾಮ್ಯ ಗಮನಾರ್ಹ, ಅಂತರ ಇನ್ನೂ ಗಮನಾರ್ಹ. ವ್ರತವು ತೊಟ್ಟವನನ್ನು ಮಾತ್ರ ಕಟ್ಟುತ್ತದೆ. ಕಟ್ಟಳೆ ಮೀರಿದವನಿಗೆ ದಂಡವಿತ್ತು, ಅದರ ಅರ್ಧ ಪಾಲು ಹಿಡಿದ ಅಧಿಕಾರಿಗೆ ಸಲ್ಲುತ್ತಿತ್ತು.

ಕುಸನೂರಿನ ಹೋರಾಟ ಕಂಪನಿಯನ್ನು ತಡೆಯಿತು. ಉಳಿದ ಭೂಮಿಯಲ್ಲಿ ಯಾರ ಎಷ್ಟು ದನ ಮೇಯಬೇಕು, ಮೀರಿದವನನ್ನು ಯಾರು ಕೇಳಬೇಕು ಎಂಬುದನ್ನು ಯಾವ ನ್ಯಾಯಾಲಯವೂ ಬರೆದುಕೊಡಲಾರದು. ಭೂಮಿಯಿರುವ ಬಸದಿಯ ಟ್ರಸ್ಟುಗಳು ತಮ್ಮ ಗಡಿಗೆ ತಾಗಿದ ಗಾಯರಾಣದ ಅಳತೆ ಕಲ್ಲುಗಳು ಇನ್ನೂ ಮೂಲ ಜಾಗದಲ್ಲಿಯೇ ಇವೆಯೇ ಎಂದು ನೋಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.