ಮೌನವನ್ನು ಓದಿದ ಕೋಚ್

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಅರ್ಧ ಕೆಲಸ ಕೋರ್ಟಿನ ಹೊರಗೆ ನಡೆಯುತ್ತದೆ. ಹೈಸ್ಕೂಲುಗಳ ಜಿಮ್‌ಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಊರೂರಿನ ಟೂರ್ನಿಗಳಲ್ಲಿ ಗ್ಯಾಲರಿಯ ಮೂಲೆ ಹಿಡಿದು ಕೂತು ಹದಿನಾರು, ಹದಿನೇಳರ ಹುಡುಗರನ್ನು ನೋಡುವುದು. ಮನಸ್ಸಿಗೆ ಹಿಡಿಸಿದವನ ಮನೆಗೆ ಹೋಗಿ, ಹೆತ್ತವರ ಎದುರು ಕೂತು, ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ ಎಂದು ಕೇಳುವುದು. ದುಡ್ಡಿನ ಆಮಿಷ ಒಡ್ಡಲು ಕಾಲೇಜು ಕ್ರೀಡೆಯ ನಿಯಮಗಳು ಆಗ ಬಿಡುತ್ತಿರಲಿಲ್ಲ. ಕೊಡಲು ಇದ್ದದ್ದು ಸ್ಕಾಲರ್‌ಶಿಪ್, ಆಡುವ ಅವಕಾಶ ಮತ್ತು ಮಾತು. ಈ ಕೆಲಸದಲ್ಲಿ ವ್ಯಾಪಾರವೂ ಇದೆ, ಪೈಪೋಟಿಯೂ ಇದೆ. ಆದರೂ ಅದರ ಒಳಗೊಂದು ರಸಿಕತೆ ಉಂಟು. ಇನ್ನೂ ಆಗದೇ ಇರುವುದನ್ನು ಈಗಲೇ ಕಂಡು ಮೆಚ್ಚುವ ಕಣ್ಣು ಅದು. ಆಟದಷ್ಟೇ ಆ ಕಣ್ಣಿನ ಕಥೆಗಳೂ ನನಗೆ ಪ್ರಿಯ. ಅವುಗಳಲ್ಲಿ ಡೇವ್ ಓಡಮ್ ಎಂಬ ಕೋಚ್ ಟಿಮ್ ಡಂಕನ್ ಎಂಬ ಹುಡುಗನನ್ನು ಕಂಡುಕೊಂಡ ಕಥೆಗೆ ಸಮನಾದದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಓಡಮ್ ಇದ್ದದ್ದು ನಾರ್ತ್ ಕ್ಯಾರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಊರಿನ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಚಿಕ್ಕ ಸಂಸ್ಥೆ. ನೆರೆಹೊರೆಯಲ್ಲೇ ಇಬ್ಬರು ದೈತ್ಯರು: 1991 ಮತ್ತು 1992ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದ ಡ್ಯೂಕ್, 1993ರಲ್ಲಿ ಗೆದ್ದ ನಾರ್ತ್ ಕ್ಯಾರೊಲಿನಾ. ದೇಶದ ಹೆಸರಾಂತ ಹೈಸ್ಕೂಲು ಹುಡುಗರಿಗೆ ಆ ಎರಡು ಬಾಗಿಲುಗಳು ತೆರೆದಿರುವಾಗ ಮೂರನೆಯ ಬಾಗಿಲು ತಟ್ಟುವವರು ಎಷ್ಟು ಮಂದಿ? ಅಂಥ ಜಾಗದಲ್ಲಿ ಕೋಚ್ ಆಗಿದ್ದವನು ಎಲ್ಲರ ಪಟ್ಟಿಯಲ್ಲೂ ಇರುವ ಹೆಸರುಗಳ ಹಿಂದೆ ಓಡಿ ಪ್ರಯೋಜನವಿಲ್ಲ. ಯಾರ ಪಟ್ಟಿಯಲ್ಲೂ ಇಲ್ಲದವನನ್ನು ಹುಡುಕಬೇಕು. ಓಡಮ್‌ಗೆ ಬೇಕಿದ್ದದ್ದು ರಿಂಗಿನ ಹತ್ತಿರ ನಿಂತು ಆಡಬಲ್ಲ ಎತ್ತರದ ಹುಡುಗ.

ಸುಳಿವು ಬಂದದ್ದು ಹಳೆಯ ವಿದ್ಯಾರ್ಥಿಯಿಂದ. ವೇಕ್ ಫಾರೆಸ್ಟ್‌ನಲ್ಲಿ ಆಡಿದ್ದ ಕ್ರಿಸ್ ಕಿಂಗ್ 1992ರಲ್ಲಿ ಕೆಲವು ಆಟಗಾರರ ಜೊತೆ ಪ್ರದರ್ಶನ ಪಂದ್ಯಗಳಿಗಾಗಿ ಕೆರಿಬಿಯನ್ ದ್ವೀಪಗಳಿಗೆ ಹೋಗಿದ್ದ. ತಂಡದಲ್ಲಿ ಅಲಾಂಜೊ ಮೌರ್ನಿಂಗ್ ಇದ್ದ. ಆ ವರ್ಷ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ, ಎದುರಾಳಿಗಳು ಹತ್ತಿರ ಬರಲು ಹೆದರುವಂಥ ಆಸಾಮಿ. ಒಂದು ದ್ವೀಪದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಆ ಮೌರ್ನಿಂಗ್‌ನಿಗೆ ಸರಿಸಮನಾಗಿ ಆಡಿದ ಎಂಬ ಸುದ್ದಿ ಕಿಂಗ್‌ನ ಬಾಯಿಂದ ಓಡಮ್‌ನ ಕಿವಿಗೆ ಬಿತ್ತು. ಇಂಥ ಸುದ್ದಿಗಳು ಕೋಚ್‌ಗಳ ಕಿವಿಗೆ ದಿನಾ ಬೀಳುತ್ತವೆ. ಎಲ್ಲೋ ಒಬ್ಬ ಹುಡುಗನಿದ್ದಾನಂತೆ, ಯಾರನ್ನೋ ಸೋಲಿಸಿದನಂತೆ. ಬಹುತೇಕ ಗಾಳಿಮಾತು. ಆದರೆ ಹೇಳಿದವನು ಆಟ ಬಲ್ಲವನು. ಓಡಮ್ ವಿಮಾನ ಹತ್ತಿದ.

ಅವನು ಹೊರಟ ಸೇಂಟ್ ಕ್ರಾಯ್ ದ್ವೀಪದ ಉದ್ದ ಸುಮಾರು 45 ಕಿಲೋಮೀಟರ್, ಅಗಲ ಹತ್ತಕ್ಕೆ ತುಸು ಹೆಚ್ಚು. 1917ರಲ್ಲಿ ಡೆನ್ಮಾರ್ಕ್ ಇದನ್ನೂ ಅಕ್ಕಪಕ್ಕದ ವರ್ಜಿನ್ ದ್ವೀಪಗಳನ್ನೂ ಅಮೆರಿಕಕ್ಕೆ ಮಾರಿತ್ತು. ಇಲ್ಲಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕನಸು ಕಾಣುವ ದಾರಿ ಅಷ್ಟು ಸುಲಭವಲ್ಲ. ಸುದ್ದಿಯ ಆ ಹುಡುಗ ಟಿಮ್ ಡಂಕನ್‌ನ ಮನೆಯ ಕನಸು ಈಜಿನದು. ಅಕ್ಕ ಟ್ರಿಷಾ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ವರ್ಜಿನ್ ದ್ವೀಪಗಳ ಪರವಾಗಿ ಈಜಿದ್ದಳು. ತಮ್ಮ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವಳ ಹಾದಿ ಹಿಡಿದಿದ್ದ. ತಂದೆ ವಿಲಿಯಂ ಗಾರೆ ಕೆಲಸದವರು, ತಾಯಿ ಅಯೋನಿ ಸೂಲಗಿತ್ತಿ. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೊ ಚಂಡಮಾರುತ ದ್ವೀಪಕ್ಕೆ ಅಪ್ಪಳಿಸಿ, ಅಲ್ಲಿದ್ದ ಒಂದೇ ಒಂದು ಒಲಿಂಪಿಕ್ ಅಳತೆಯ ಈಜುಕೊಳವನ್ನು ಹಾಳುಗೆಡವಿತು. ಈಜು ಕೋಚ್ ಕಡಲಲ್ಲಿ ಅಭ್ಯಾಸ ಮಾಡೋಣ ಎಂದರೆ ಹುಡುಗನಿಗೆ ಶಾರ್ಕ್‌ಗಳ ಭಯ. ಅದರ ಮರುವರ್ಷ ಏಪ್ರಿಲ್ 24ರಂದು, ಮಗನ ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ, ಸ್ತನ ಕ್ಯಾನ್ಸರ್‌ನಿಂದ ತಾಯಿ ತೀರಿಕೊಂಡರು. ಹೋಗುವ ಮುಂಚೆ ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು: ಕಾಲೇಜು ಓದಿ ಪದವಿ ಪಡೆಯಲೇಬೇಕು. ಹುಡುಗ ಈಜು ಬಿಟ್ಟ. ಮತ್ತೆ ಸ್ಪರ್ಧೆಯ ನೀರಿಗಿಳಿಯಲಿಲ್ಲ.

ಬ್ಯಾಸ್ಕೆಟ್‌ಬಾಲ್ ಹತ್ತಿದ್ದು ಒಂಬತ್ತನೆಯ ತರಗತಿಯಲ್ಲಿ. ಅಕ್ಕ ಶೆರಿಲ್‌ಳ ಗಂಡ ರಿಕಿ ಲೋವರಿ ಒಹಾಯೊದ ಕಾಲೇಜೊಂದರಲ್ಲಿ ಗಾರ್ಡ್ ಆಗಿ ಆಡಿದ್ದವನು. ಹುಡುಗ ತೀರಾ ಎತ್ತರಕ್ಕೆ ಬೆಳೆದಾನೆಂದು ಭಾವನಿಗೆ ಅನಿಸಿರಲಿಲ್ಲ. ಹಾಗಾಗಿ ತನಗೆ ಗೊತ್ತಿದ್ದ ಗಾರ್ಡ್‌ಗಳ ವಿದ್ಯೆಯನ್ನೇ ಕಲಿಸಿದ: ರಿಂಗಿಗೆ ಮುಖ ಮಾಡಿ ನಿಲ್ಲುವುದು, ಎರಡೂ ಕೈಯಲ್ಲಿ ಡ್ರಿಬಲ್, ದೂರದ ಶಾಟ್, ಚೆಂಡು ಕೈಗೆ ಬರುವ ಮುನ್ನವೇ ಮುಂದಿನ ಪಾಸ್ ಎಲ್ಲಿಗೆಂದು ನೋಡಿಟ್ಟುಕೊಳ್ಳುವುದು. ಹುಡುಗ ಬೆಳೆದ. ಬೆಳೆಯುತ್ತಲೇ ಹೋಗಿ ಕೊನೆಗೆ 6 ಅಡಿ 11 ಇಂಚಿಗೆ ನಿಂತ. ಆ ಎತ್ತರದವರು ಸಾಮಾನ್ಯವಾಗಿ ಚಿಕ್ಕಂದಿನಿಂದಲೂ ಎತ್ತರದವರೇ ಆಗಿರುತ್ತಾರೆ. ಅವರನ್ನು ಶುರುವಿನಿಂದಲೇ ರಿಂಗಿನ ಕೆಳಗೆ ನಿಲ್ಲಿಸಿಬಿಡುತ್ತಾರೆ. ಉಳಿದ ಕೋರ್ಟ್ ಅವರಿಗೆ ಪರದೇಶವಾಗಿಯೇ ಉಳಿಯುತ್ತದೆ. ಇಲ್ಲಿ ಮಾತ್ರ ಕುಳ್ಳ ಆಟಗಾರನ ಬುದ್ಧಿ ಮೊದಲು ಬಂದು, ಆಮೇಲೆ ಮೈ ಬೆಳೆಯಿತು. ಈ ಬೆಸುಗೆಯನ್ನು ಯಾವ ಕೋಚೂ ಯೋಜನೆ ಹಾಕಿ ತರಲಾರ. ಸೇಂಟ್ ಡನ್‌ಸ್ಟನ್ಸ್ ಹೈಸ್ಕೂಲಿನ ಕೊನೆಯ ವರ್ಷ ಈ ಹುಡುಗ ಪಂದ್ಯವೊಂದಕ್ಕೆ ಸರಾಸರಿ 25 ಪಾಯಿಂಟ್ ಗಳಿಸುತ್ತಿದ್ದ. ಆದರೆ ಎದುರಾಳಿಗಳು ದ್ವೀಪದ ಶಾಲೆಗಳ ಮಕ್ಕಳು. ಆ ಅಂಕಿಯನ್ನು ಎಷ್ಟಕ್ಕೆ ತೂಗಬೇಕೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಬಲ್ಲವರು ಫಾರ್ವರ್ಡ್ ಹುಡುಗನನ್ನು, ಅಂದರೆ ರಿಂಗಿನ ಹತ್ತಿರ ಆಡುವವನನ್ನು, ನೋಡುವಾಗ ಪಾಯಿಂಟ್ ಎಣಿಸುವುದಿಲ್ಲ. ಬೆನ್ನ ಹಿಂದೆ ಎದುರಾಳಿಯನ್ನಿಟ್ಟುಕೊಂಡು ಚೆಂಡು ಹಿಡಿಯುವಾಗ ಅಂಗೈ ಸದ್ದು ಮಾಡುತ್ತದೋ, ಬೆರಳುಗಳು ಮೆತ್ತಗೆ ಬರಮಾಡಿಕೊಳ್ಳುತ್ತವೋ? ಹಿಡಿದ ಚೆಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿ ಗಿಡ್ಡ ಗಾರ್ಡ್‌ಗಳಿಗೆ ಕಸಿಯಲು ಕೊಡುತ್ತಾನೋ, ಗದ್ದದ ಮೇಲೆಯೇ ಇಟ್ಟುಕೊಳ್ಳುತ್ತಾನೋ? ರಿಬೌಂಡ್‌ಗೆ ಒಮ್ಮೆ ಹಾರಿ ಕೈಗೆ ಸಿಗದಿದ್ದಾಗ ಎರಡನೆಯ ಸಲ ಎಷ್ಟು ಬೇಗ ಹಾರುತ್ತಾನೆ? ಮೊದಲ ಜಿಗಿತ ಮೈಕಟ್ಟಿನದು, ಎರಡನೆಯದು ಮನಸ್ಸಿನದು. ಬ್ಲಾಕ್ ಮಾಡಿದ ಚೆಂಡನ್ನು ಗ್ಯಾಲರಿಗೆ ಹೊಡೆದು ಚಪ್ಪಾಳೆ ಗಿಟ್ಟಿಸುತ್ತಾನೋ, ತನ್ನವರ ಕೈಗೆ ಬೀಳುವಷ್ಟೇ ತಟ್ಟುತ್ತಾನೋ? ಬದಲಿ ಆಟಗಾರನಾಗಿ ಬೆಂಚಿನಲ್ಲಿ ಕೂತಾಗ ಮುಖ ಎತ್ತ ಇರುತ್ತದೆ? ಇದನ್ನೆಲ್ಲ ನೋಡಿದ ಮೇಲೂ ಒಂದು ಉಳಿಯುತ್ತದೆ. ಈ ಹುಡುಗನಿಗೆ ಹೇಳಿದ್ದು ಒಳಗಿಳಿಯುತ್ತದೆಯೇ? ಅದನ್ನು ತಿಳಿಯಲು ಮನೆಗೇ ಹೋಗಬೇಕು.

ಓಡಮ್ ಡಂಕನ್ ಮನೆಗೆ ಹೋಗಿ ಕೂತ. ತನ್ನ ಕಾಲೇಜಿನ ಬಗ್ಗೆ, ಆಟದ ಬಗ್ಗೆ, ಓದಿನ ಬಗ್ಗೆ ಹೇಳತೊಡಗಿದ. ಹುಡುಗನ ಕಣ್ಣು ಟಿವಿಯ ಕಡೆ. ತಿರುಗಿ ನೋಡಿದರೂ ಖಾಲಿ ನೋಟ. ಹೂಂ ಇಲ್ಲ, ಉಹೂಂ ಇಲ್ಲ, ನಗು ಇಲ್ಲ, ಪ್ರಶ್ನೆ ಇಲ್ಲ. ಎಷ್ಟೋ ಮನೆಗಳಲ್ಲಿ ಇಂಥದ್ದೇ ಕುರ್ಚಿಯಲ್ಲಿ ಕೂತು ಬಂದ ಕೋಚ್‌ಗೆ ಇದರ ಅರ್ಥ ಏನಾಗಿ ತೋರಬೇಕು? ಹುಡುಗನಿಗೆ ಆಸಕ್ತಿಯಿಲ್ಲ, ಇಲ್ಲವೇ ಸೊಕ್ಕು, ಇಲ್ಲವೇ ಮಂದ. ಓಡಮ್‌ನಿಗೂ ಆತಂಕವಾಯಿತು. ಆದರೂ ಎದ್ದು ಬರಲಿಲ್ಲ. ಮಾತು ಮುಂದುವರಿದಂತೆ ತಿಳಿಯಿತು, ಹುಡುಗ ಒಂದು ಮಾತನ್ನೂ ತಪ್ಪಿಸಿಕೊಂಡಿರಲಿಲ್ಲ. ಆ ಖಾಲಿ ನೋಟವೇ ಅವನು ಗಮನ ಕೊಡುವ ಬಗೆ.

ಈ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ನಮ್ಮ ಅವಧಾನ ಕಲೆ ಕಣ್ಣಮುಂದೆ ಬರುತ್ತದೆ. ಪೃಚ್ಛಕರು ಸುತ್ತ ಕೂತು ಒಬ್ಬರಾದ ಮೇಲೊಬ್ಬರು ಸಮಸ್ಯೆ ಒಡ್ಡುತ್ತಿದ್ದರೆ, ಅಪ್ರಸ್ತುತ ಪ್ರಸಂಗಿ ನಡುನಡುವೆ ಬಾಯಿ ಹಾಕಿ ಕೆಡಿಸಲು ನೋಡುತ್ತಿದ್ದರೆ, ಅವಧಾನಿ ಎಲ್ಲೋ ನೋಡುತ್ತಾ ಕೂತಿರುತ್ತಾರೆ. ಕೊನೆಯಲ್ಲಿ ಪದ್ಯಗಳು ಅಕ್ಷರ ತಪ್ಪದೆ ಸಾಲುಗಟ್ಟಿ ಹೊರಬಂದಾಗಲೇ ಗೊತ್ತಾಗುವುದು, ಆ ನೋಟದ ಹಿಂದೆ ಎಷ್ಟು ನಡೆಯುತ್ತಿತ್ತು ಎಂದು. ಹತ್ತು ಜನ ಒಟ್ಟಿಗೆ ಓಡಾಡುವ ಕೋರ್ಟಿನಲ್ಲಿ ಫಾರ್ವರ್ಡ್‌ಗೆ ಬೇಕಾದದ್ದೂ ಇದೇ ಶಕ್ತಿ. ಅದನ್ನು ಓಡಮ್ ಕಂಡದ್ದು ಕೋರ್ಟಿನಲ್ಲಲ್ಲ, ನಡುಮನೆಯಲ್ಲಿ. ಆಟ ನೋಡಿಯಲ್ಲ, ಹುಡುಗ ಸುಮ್ಮನೆ ಕೂತದ್ದನ್ನು ನೋಡಿ. ಮೌನ ಎಂದರೆ ಕೊರತೆ ಎಂದುಕೊಳ್ಳುವುದು ಎಷ್ಟು ಸುಲಭ! ತುಂಬಿದ ಮೌನವನ್ನು ತುಂಬಿದ್ದೆಂದೇ ಗುರುತಿಸುವುದು ಬಹಳ ಎತ್ತರದ ರಸಿಕತೆ. ಈ ಕಥೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲೇ.

ಹಾರ್ಟ್‌ಫರ್ಡ್, ಡೆಲವೇರ್, ಪ್ರಾವಿಡೆನ್ಸ್ ಕಾಲೇಜುಗಳೂ ಸ್ಕಾಲರ್‌ಶಿಪ್ ಮುಂದಿಟ್ಟಿದ್ದವು. ಹುಡುಗ ವೇಕ್ ಫಾರೆಸ್ಟ್ ಆರಿಸಿಕೊಂಡ. 1993ರಲ್ಲಿ ಆಡಿದ ಮೊದಲ ಪಂದ್ಯ ಅಲಾಸ್ಕಾದಲ್ಲಿ. ಕೆರಿಬಿಯನ್ ಬಿಸಿಲಿನ ಹುಡುಗ ಆ ಚಳಿಯೂರಿನಲ್ಲಿ ಒಂದೇ ಒಂದು ಪಾಯಿಂಟ್ ಗಳಿಸಲಿಲ್ಲ. ಓಡಮ್ ಅವನನ್ನು ಆಡಿಸುತ್ತಲೇ ಹೋದ. ಎರಡು ವರ್ಷ ಕಳೆಯುವಷ್ಟರಲ್ಲಿ, 1995ರಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್‌ನ ಜೆರ್ರಿ ವೆಸ್ಟ್ ಈ ಹುಡುಗ ಈಗಲೇ ಬಂದರೂ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಬಹುದು ಎಂದುಬಿಟ್ಟರು. ಡಂಕನ್ ಹೋಗಲಿಲ್ಲ. ತಾಯಿಗೆ ಕೊಟ್ಟ ಮಾತಿತ್ತು. ನಾಲ್ಕು ವರ್ಷ ಪೂರ್ತಿ ಓದಿ, ಮನಶ್ಶಾಸ್ತ್ರದಲ್ಲಿ ಪದವಿ ಪಡೆದು, 1997ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ವುಡನ್ ಮತ್ತು ನೈಸ್ಮಿತ್ ಪ್ರಶಸ್ತಿಗಳೆರಡನ್ನೂ ಗೆದ್ದು, ಆಮೇಲೆ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಮೊದಲ ಆಯ್ಕೆಯಾದ. ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ಕೂಡ ಆಗ ಮಾಡಿದ್ದು ಓಡಮ್ ಮಾಡಿದ ಕೆಲಸವನ್ನೇ. ಸೇಂಟ್ ಕ್ರಾಯ್‌ಗೆ ಹೋಗಿ, ಹುಡುಗನ ಜೊತೆ ಕಡಲಲ್ಲಿ ಈಜಿ, ದಡದಲ್ಲಿ ಕೂತು ಕಾಲ ಕಳೆದು ಬಂದರು. ಇಬ್ಬರೂ ಕೂಡಿ ಐದು ಬಾರಿ ಎನ್‌ಬಿಎ ಪಟ್ಟ ಗೆದ್ದರು, 1999ರಿಂದ 2014ರ ನಡುವೆ.

ಇಂಥ ಹುಡುಕಾಟ ಇದೊಂದೇ ಅಲ್ಲ. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ ಒಂದು ತಿಂಗಳಾಗುವುದರೊಳಗೆ ಬಿಟ್ಟು ಬಂದು, ತನ್ನೂರು ಫ್ರೆಂಚ್ ಲಿಕ್‌ನಲ್ಲಿ ಕಸದ ಲಾರಿಯಲ್ಲಿ ದುಡಿಯುತ್ತಿದ್ದ ಲ್ಯಾರಿ ಬರ್ಡ್‌ನನ್ನು ಬಿಲ್ ಹಾಜಸ್ ಎಂಬ ಕೋಚ್ ಹೋಗಿ ಮನವೊಲಿಸಿ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕರೆತಂದ ಕಥೆಯೂ ಸೊಗಸಾದದ್ದೇ. ಆದರೆ ಬರ್ಡ್ ಎಂಥವನೆಂದು ಇಡೀ ರಾಜ್ಯಕ್ಕೆ ಗೊತ್ತಿತ್ತು, ಬೇಕಿದ್ದದ್ದು ಹಟ. ಡಂಕನ್ ವಿಷಯದಲ್ಲಿ ನೋಡಿ ತಿಳಿಯುವುದೇ ಬಾಕಿಯಿತ್ತು.

ಓಡಮ್ ಕಂಡದ್ದೇನೆಂದು ನೋಡಬೇಕಿದ್ದರೆ ಡಂಕನ್‌ನ ಬೋರ್ಡ್ ಶಾಟ್ ನೋಡಬೇಕು. ರಿಂಗಿನ ಎಡಕ್ಕೆ, ಹತ್ತು ಹನ್ನೆರಡು ಅಡಿ ದೂರದಲ್ಲಿ, ಬೋರ್ಡಿಗೆ ಓರೆಯಾಗಿ ನಿಲ್ಲುತ್ತಾನೆ. ಚೆಂಡು ಎರಡೂ ಕೈಯಲ್ಲಿ. ಒಂದು ಕಾಲು ಮುಂದಿಟ್ಟು ಹಿಂದಕ್ಕೆಳೆಯುತ್ತಾನೆ; ಎದುರಾಳಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಆ ಅರ್ಧ ಹೆಜ್ಜೆ ಸಾಕು. ಚೆಂಡು ತಲೆಯ ಮೇಲಿಂದ ಹೊರಟು ಬೋರ್ಡಿನ ಮೇಲೆ ಬರೆದ ಚಿಕ್ಕ ಚೌಕದ ಮೇಲ್ಮೂಲೆಗೆ ತಾಗುತ್ತದೆ, ಅಲ್ಲಿಂದ ಬಲೆಗೆ. ಸದ್ದು ಎರಡೇ: ಗಾಜಿಗೆ ತಟ್ಟಿದ್ದು, ಬಲೆ ಸರಿದದ್ದು. ಶಾಲೆಯಲ್ಲಿ ಮೊದಲು ಕಲಿಸಿ, ದೊಡ್ಡವರಾದ ಮೇಲೆ ಎಲ್ಲರೂ ಬಿಟ್ಟುಬಿಡುವ ಶಾಟ್ ಇದು. ಹಾರಿ ರಿಂಗಿಗೆ ಜೋತುಬೀಳುವವರ ಮುಂದೆ ಇದು ಮಂಕಾಗಿ ಕಾಣುತ್ತದೆ. ಡಂಕನ್ ಅದನ್ನು ಹತ್ತೊಂಬತ್ತು ವರ್ಷ ಒಂದೇ ಮುಖಭಾವದಲ್ಲಿ ಆಡಿದ.

ಭಾವ ಕಲಿಸಿದ ವಿದ್ಯೆಯೂ ವ್ಯರ್ಥವಾಗಲಿಲ್ಲ. 2003ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ ನ್ಯೂ ಜೆರ್ಸಿ ನೆಟ್ಸ್ ವಿರುದ್ಧ 21 ಪಾಯಿಂಟ್, 20 ರಿಬೌಂಡ್, 10 ಅಸಿಸ್ಟ್, 8 ಬ್ಲಾಕ್. ಇದರಲ್ಲಿ ನನ್ನ ಕಣ್ಣು ಹೋಗುವುದು ಆ ಹತ್ತು ಅಸಿಸ್ಟ್‌ಗಳ ಕಡೆ. ಇಬ್ಬರು ಮೈಮೇಲೆ ಬಿದ್ದಾಗ ಯಾರು ಖಾಲಿ ನಿಂತಿದ್ದಾರೆಂದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. 2008ರ ಪ್ಲೇಆಫ್‌ನ ಮೊದಲ ಪಂದ್ಯ ಫೀನಿಕ್ಸ್ ಸನ್ಸ್ ಎದುರು. ಓವರ್‌ಟೈಮ್ ಮುಗಿಯಲು ಕೆಲವೇ ಸೆಕೆಂಡ್, ಸ್ಪರ್ಸ್ ಮೂರು ಪಾಯಿಂಟ್ ಹಿಂದೆ. ಚೆಂಡು ಬಂದದ್ದು ಮೂರು ಪಾಯಿಂಟ್ ಗೆರೆಯಾಚೆ ಒಬ್ಬನೇ ನಿಂತಿದ್ದ ಡಂಕನ್ ಕೈಗೆ. ಇಡೀ ಸೀಸನ್‌ನಲ್ಲಿ ಅಷ್ಟು ದೂರದಿಂದ ಒಂದೂ ಬುಟ್ಟಿ ಹಾಕಿರದವನು. ಎದುರಾಳಿಗಳು ಅವನನ್ನು ಬಿಟ್ಟದ್ದು ಅದಕ್ಕೇ. ರಿಂಗಿಗೆ ಮುಖ ಮಾಡಿದ, ಗಾರ್ಡ್‌ನಂತೆ ಭುಜ ನೇರ ಮಾಡಿದ, ಹೊಡೆದ. ಚೆಂಡು ಒಳಗೆ. ಎರಡನೆಯ ಓವರ್‌ಟೈಮ್‌ನಲ್ಲಿ ಸ್ಪರ್ಸ್ 117-115ರಿಂದ ಗೆದ್ದಿತು.