ಪೇ ಸ್ಲಿಪ್‌ನಲ್ಲಿ ಕಾಣದ ಸಾಲು

ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಊಟ ಆದಮೇಲೆ ರಾಜಕೀಯದ ಮಾತು ಬಂದರೆ ಅದು ಹೆಚ್ಚಾಗಿ ಟ್ಯಾಕ್ಸ್‌ನಿಂದಲೇ ಶುರುವಾಗುತ್ತೆ. ಕ್ಯಾಲಿಫೋರ್ನಿಯಾ ಎಷ್ಟು ಕಿತ್ತುಕೊಳ್ಳುತ್ತೆ, ಟೆಕ್ಸಸ್‌ಗೆ ಹೋದವರು ಎಷ್ಟು ಉಳಿಸಿದರು ಅನ್ನೋದು ಮೊದಲನೇ ಸುತ್ತು. ಎರಡನೇ ಸುತ್ತಿನಲ್ಲಿ ಕನಿಷ್ಠ ಕೂಲಿ: ಗಂಟೆಗೆ 20 ಡಾಲರ್ ಕೊಟ್ಟು ಬರ್ಗರ್ ಅಂಗಡಿ ನಡೆಸೋದು ಹೇಗೆ? ಅಷ್ಟು ಹೊತ್ತಿಗೂ ಯಾರಾದರೂ ಎದ್ದುಹೋಗದೆ ಕೂತಿದ್ದರೆ ಮೂರನೇ ಸುತ್ತು: ದೊಡ್ಡ ಟೆಕ್ ಕಂಪನಿಗಳನ್ನ ಸರ್ಕಾರ ಒಡೀಬೇಕಾ, ಬೇಡವಾ? ಈ ಮೂರನ್ನೂ ನಾವು ಮೂರು ಬೇರೆ ವಿಷಯ ಅಂದುಕೊಂಡೇ ಮಾತಾಡ್ತೀವಿ. ಒಂದರಲ್ಲಿ ಎಡಕ್ಕೆ ಇರುವವರು ಇನ್ನೊಂದರಲ್ಲಿ ಬಲಕ್ಕೆ ಹೋಗ್ತಾರೆ.

ನೀವೂ ಇಂಥ ಮಾತುಕತೆಯಲ್ಲಿ ಕೂತಿದ್ದರೆ, ನಿಮಗೆ ಒಂದು ಹಳೆಯ ಪುಸ್ತಕದ ಬಗ್ಗೆ ಹೇಳಬೇಕು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1995ರಲ್ಲಿ ಬರೆದ ‘ಮಿತ್ ಅಂಡ್ ಮೆಷರ್‌ಮೆಂಟ್’. ಹೆಸರನ್ನ ಕನ್ನಡಕ್ಕೆ ತಂದರೆ ‘ನಂಬಿಕೆ ಮತ್ತು ಅಳತೆ’ ಅನ್ನಬಹುದೇನೋ. ವಾದ ಮಾಡೋದು ಹೇಗೆ ಅಂತ ಕಲಿಯೋಕೆ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಹಾಗೇ, ಪುಸ್ತಕ ಎಲ್ಲಿ ನಿಲ್ಲುತ್ತೋ ಅಲ್ಲಿಂದ ಮುಂದೆ ನಮ್ಮ ಮೂರೂ ಸುತ್ತುಗಳು ಒಂದೇ ಆಗುತ್ತವೆ ಅನ್ನೋದೂ.

ಮೊದಲು ಪುಸ್ತಕ ಮಾಡಿದ ಕೆಲಸ ನೋಡೋಣ. ಪಠ್ಯಪುಸ್ತಕದ ಲೆಕ್ಕ ಸರಳ: ಯಾವುದೇ ವಸ್ತುವಿನ ಬೆಲೆ ಏರಿದರೆ ಕೊಳ್ಳುವವರು ಕಡಿಮೆ ಕೊಳ್ತಾರೆ, ಕೂಲಿಯೂ ಒಂದು ಬೆಲೆ, ಆದ್ದರಿಂದ ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತೆ. ಕಾರ್ಡ್ ಮತ್ತು ಕ್ರೂಗರ್ ಇದನ್ನ ಒಪ್ಪುವ ಮೊದಲು ಅಳೆದು ನೋಡೋಣ ಅಂದರು. 1992ರ ಏಪ್ರಿಲ್ 1ರಂದು ನ್ಯೂ ಜರ್ಸಿ ತನ್ನ ಕನಿಷ್ಠ ಕೂಲಿಯನ್ನ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ನದಿಯಾಚೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಇವರು ಎರಡೂ ಕಡೆಯ 410 ಫಾಸ್ಟ್ ಫುಡ್ ಅಂಗಡಿಗಳನ್ನ ಕೂಲಿ ಏರುವ ಮೊದಲು ಒಂದು ಸಲ, ಏರಿದ ಕೆಲವು ತಿಂಗಳ ಮೇಲೆ ಇನ್ನೊಂದು ಸಲ ಸಮೀಕ್ಷೆ ಮಾಡಿದರು. ನ್ಯೂ ಜರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಅಂಗಡಿಗೆ ಸರಾಸರಿ 20.44 ಪೂರ್ಣಾವಧಿ ಕೆಲಸಗಳಿದ್ದದ್ದು 21.03 ಆಗಿತ್ತು. ಪೆನ್ಸಿಲ್ವೇನಿಯಾದಲ್ಲಿ 23.33 ಇದ್ದದ್ದು 21.17ಕ್ಕೆ ಇಳಿದಿತ್ತು.

ನಮ್ಮ ಕ್ಯಾಲಿಫೋರ್ನಿಯಾ ಕೂಡ ಪುಸ್ತಕದಲ್ಲಿದೆ. 1988ರ ಜುಲೈನಲ್ಲಿ ಈ ರಾಜ್ಯ ಕೂಲಿಯನ್ನ 3.35ರಿಂದ 4.25ಕ್ಕೆ ಏರಿಸಿದ್ದನ್ನ ಕಾರ್ಡ್ ಅಧ್ಯಯನ ಮಾಡಿದ್ದರು. ಅಲ್ಲೂ ಹದಿಹರೆಯದವರ ಕೆಲಸಕ್ಕೆ ಏಟು ಬಿದ್ದದ್ದು ಕಾಣಲಿಲ್ಲ.

ಡೇಟಾ ಕೆಲಸ ಮಾಡುವ ನನಗೆ ಇಷ್ಟವಾಗೋದು ಈ ಫಲಿತಾಂಶಕ್ಕಿಂತ ಹೆಚ್ಚಾಗಿ ಇನ್ನೊಂದು ಅಧ್ಯಾಯ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಇವರು ಒಂದು ಪ್ರಶ್ನೆ ಕೇಳ್ತಾರೆ. ವರ್ಷ ಕಳೆದಂತೆ ಡೇಟಾ ಹೆಚ್ಚಾಗುತ್ತೆ. ‘ಕೂಲಿ ಏರಿದರೆ ಕೆಲಸ ಹೋಗುತ್ತೆ’ ಅನ್ನೋದು ನಿಜವಾಗಿದ್ದರೆ ಡೇಟಾ ಹೆಚ್ಚಿದಷ್ಟೂ ಆ ಸಾಕ್ಷಿ ಗಟ್ಟಿಯಾಗಬೇಕು. ಆದರೆ ಗಟ್ಟಿಯಾಗಿರಲಿಲ್ಲ. ಅಂದರೆ, ನಿರೀಕ್ಷಿಸಿದ ಉತ್ತರ ಬಂದ ಅಧ್ಯಯನಗಳೇ ಹೆಚ್ಚಾಗಿ ಅಚ್ಚಾಗಿದ್ದವು ಅನ್ನೋ ಅನುಮಾನಕ್ಕೆ ಕಾರಣ ಇತ್ತು.

ಇದಕ್ಕೆ ಬಂದ ಪ್ರತಿಕ್ರಿಯೆ ಸಣ್ಣದಲ್ಲ. ನೊಬೆಲ್ ಪಡೆದ ಜೇಮ್ಸ್ ಬ್ಯುಕ್ಯಾನನ್ 1996ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಇಂಥ ಫಲಿತಾಂಶ ನಂಬುವವರನ್ನ ಬಹಳ ಕೆಟ್ಟ ಮಾತಿನಲ್ಲಿ ಹೀಯಾಳಿಸಿದರು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಮ್ ವಾಷರ್ ಅಂಗಡಿಗಳ ಸಂಬಳದ ದಾಖಲೆ ತಂದು ಉಲ್ಟಾ ಉತ್ತರ ತೋರಿಸಿದರು. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆಗಳನ್ನ ಬಳಸಿ ಮತ್ತೆ ಲೆಕ್ಕ ಹಾಕಿದರು. ಈ ಸಲ ಅವರ ಉತ್ತರ ಸ್ವಲ್ಪ ಸೌಮ್ಯವಾಗಿತ್ತು: ಕೆಲಸದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ. ಕ್ರೂಗರ್ 2019ರಲ್ಲಿ ತೀರಿಕೊಂಡರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು.

ಈಗ ನಮ್ಮ ಊರಿಗೆ ಬನ್ನಿ. ನೆವಾರ್ಕ್ 1955ರಲ್ಲಿ ನಗರವಾಯ್ತು. ಮರುವರ್ಷ ಅಕ್ಕಪಕ್ಕದ ಐದು ಊರುಗಳು ಸೇರಿ ಫ್ರೀಮಾಂಟ್ ಆದಾಗ ನೆವಾರ್ಕ್ ಅದರಲ್ಲಿ ಸೇರಲಿಲ್ಲ. ಇವತ್ತು ಸುತ್ತಲೂ ಫ್ರೀಮಾಂಟ್, ನಡುವೆ ನೆವಾರ್ಕ್. ಮೌರಿ ಅವೆನ್ಯೂದಲ್ಲಿ 880 ಹೈವೇ ದಾಟಿದರೆ ಊರು ಬದಲಾಗುತ್ತೆ, ಜೊತೆಗೆ ಕೂಲಿಯೂ. ಫ್ರೀಮಾಂಟ್‌ಗೆ ತನ್ನದೇ ಕನಿಷ್ಠ ಕೂಲಿ ಕಾನೂನು ಇದೆ, ನೆವಾರ್ಕ್‌ಗೆ ರಾಜ್ಯದ್ದೇ. 2025ರ ಜುಲೈನಲ್ಲಿ ಹೈವೇಯ ಆ ಕಡೆ ಗಂಟೆಗೆ 17.75 ಡಾಲರ್, ಈ ಕಡೆ 16.50. ವಾರಕ್ಕೆ 40 ಗಂಟೆ, ವರ್ಷವಿಡೀ ದುಡಿದರೆ ವ್ಯತ್ಯಾಸ 2,600 ಡಾಲರ್. ಇದರ ಮೇಲೆ, ದೇಶದಲ್ಲಿ 60ಕ್ಕಿಂತ ಕಡಿಮೆ ಇಲ್ಲದಷ್ಟು ಶಾಖೆಗಳಿರುವ ಫಾಸ್ಟ್ ಫುಡ್ ಸರಣಿಯಾದರೆ 2024ರ ಏಪ್ರಿಲ್‌ನಿಂದ ರಾಜ್ಯದ ಕಾನೂನಿನ ಪ್ರಕಾರ ಎರಡೂ ಕಡೆ 20 ಡಾಲರ್. ಅಂದರೆ ಬರ್ಗರ್ ಸುತ್ತುವವರಿಗೆ 20 ಕೊಡಲೇಬೇಕು, ಪಕ್ಕದ ಹೋಟೆಲಿನಲ್ಲಿ ನಿಮ್ಮ ದೋಸೆ ಹುಯ್ಯುವವರಿಗೆ 2025ರಲ್ಲಿ 16.50 ಕೊಟ್ಟರೂ ಕಾನೂನು ಸುಮ್ಮನಿರುತ್ತಿತ್ತು.

ಪುಸ್ತಕದ ವಿಧಾನಕ್ಕೆ ಇದು ಹೇಳಿ ಮಾಡಿಸಿದ ಜಾಗ ಅನ್ನಿಸುತ್ತೆ, ಅಲ್ವಾ? ಆದರೆ ಪುಸ್ತಕದ ದೌರ್ಬಲ್ಯ ಕಾಣೋದೂ ಇಲ್ಲೇ. ಗಡಿಯ ಆಚೆ ಬದಿಗೆ ಈಚೆಯ ಬಿಸಿ ತಟ್ಟೋದಿಲ್ಲ ಅಂತ ಈ ವಿಧಾನ ಅಂದುಕೊಳ್ಳುತ್ತೆ. ನೆವಾರ್ಕ್‌ನಲ್ಲಿ ಹಾಗೆ ಹೇಳೋಕಾಗಲ್ಲ. ಐದು ನಿಮಿಷ ಡ್ರೈವ್ ಮಾಡಿದರೆ ಗಂಟೆಗೆ ಒಂದೂಕಾಲು ಡಾಲರ್ ಜಾಸ್ತಿ ಸಿಗೋದಾದರೆ ಕೆಲಸಗಾರರು ಆ ಕಡೆ ಹೋಗಬೇಕು. ಅವರನ್ನ ಉಳಿಸಿಕೊಳ್ಳೋಕೆ ಈ ಕಡೆಯ ಮಾಲೀಕ ಕಾನೂನು ಕೇಳದಿದ್ದರೂ 17.75 ಕೊಡಬೇಕು. ಹಾಗೆ ಕೊಟ್ಟರೆ, ಇಲ್ಲಿ ಕೆಲಸದ ಮಾರುಕಟ್ಟೆಯಲ್ಲಿ ನಿಜವಾದ ಪೈಪೋಟಿ ಇದೆ ಅಂತ ಅರ್ಥ. 16.50 ಕೊಟ್ಟೂ ಜನ ಉಳಿದುಕೊಂಡರೆ ಅವರನ್ನ ಏನೋ ಕಟ್ಟಿಹಾಕಿದೆ: ಕಾರು ಇಲ್ಲ, ಮಗುವಿನ ಶಾಲೆಯ ಹೊತ್ತು, ಕಾಗದಪತ್ರದ ಹೆದರಿಕೆ, ಭಾಷೆ. ಆ ಕಟ್ಟಿಹಾಕುವ ಶಕ್ತಿಯೇ ನನ್ನ ಪ್ರಕಾರ ಮುಖ್ಯ ವಿಷಯ.

ಅದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರಿದೆ, ಮೊನಾಪ್ಸನಿ. ಕೇಂಬ್ರಿಜ್‌ನ ಜೋನ್ ರಾಬಿನ್ಸನ್ 1933ರಲ್ಲಿ ಬಳಕೆಗೆ ತಂದ ಪದ. ಮಾರುವವನು ಒಬ್ಬನೇ ಆದರೆ ಏಕಸ್ವಾಮ್ಯ, ಕೊಳ್ಳುವವನು ಒಬ್ಬನೇ ಆದರೆ ಇದು. ಕಬ್ಬು ಬೆಳೆದ ಮನೆಯವರಾದರೆ ನಿಮಗೆ ವಿವರಣೆ ಬೇಕಿಲ್ಲ. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕು ಅನ್ನೋದು ಕೇಂದ್ರದ ನಿಯಮ. ಕಡಿದ ಕಬ್ಬು ಗದ್ದೆಯಲ್ಲಿ ಕಾಯ್ತಾ ಕೂತರೆ ಒಣಗಿ ತೂಕ ಇಳಿಯುತ್ತೆ. ಬೆಳೆದವರು ಸಾವಿರ ಜನ, ಕೊಳ್ಳುವವನು ಒಬ್ಬ, ಕಾಯುವಷ್ಟು ಹೊತ್ತಿಲ್ಲ. ಬೆಲೆ ಯಾರು ನಿರ್ಧರಿಸ್ತಾರೆ ಹೇಳಿ?

ಕಾರ್ಡ್ ಮತ್ತು ಕ್ರೂಗರ್ ಇದನ್ನ ಗಮನಿಸದೆ ಬಿಟ್ಟಿಲ್ಲ. ಮಾಲೀಕನಿಗೆ ಇಂಥ ಶಕ್ತಿ ಇದ್ದರೆ ಕೂಲಿ ಏರಿದಾಗ ಕೆಲಸ ಕಡಿಮೆಯಾಗಬೇಕಿಲ್ಲ ಅಂತ ಕೊನೆಕೊನೆಗೆ ಒಂದು ಅಧ್ಯಾಯದಲ್ಲಿ ಚರ್ಚಿಸ್ತಾರೆ. ಆದರೆ ಅದು ಒಂದು ಸಾಧ್ಯತೆಯಾಗಿ ಮಾತ್ರ ಬರುತ್ತೆ. ಆ ಶಕ್ತಿ ಎಲ್ಲಿಂದ ಬಂತು, ಯಾರು ಕಟ್ಟಿದರು, ಅದನ್ನ ಮುರಿಯೋಕಾಗುತ್ತಾ ಅನ್ನೋ ಕಡೆಗೆ ಪುಸ್ತಕ ಹೋಗಲ್ಲ. ಪುಸ್ತಕದ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಪರಿಣಾಮವನ್ನ ಅಷ್ಟು ಚೆನ್ನಾಗಿ ಅಳೆದವರು ಕಾರಣವನ್ನ ಅಳೆಯದೆ ಬಿಟ್ಟರು.

ಆ ಕಾರಣ ನಮ್ಮದೇ ಕಣಿವೆಯಲ್ಲಿ ಸಿಕ್ಕಿತು, ಅದೂ ಕಡಿಮೆ ಕೂಲಿಯವರ ನಡುವೆ ಅಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಅಡೋಬಿ, ಆಪಲ್, ಗೂಗಲ್, ಇಂಟೆಲ್, ಇಂಟ್ಯುಟ್, ಪಿಕ್ಸಾರ್ ಮೇಲೆ ಕೇಸು ಹಾಕಿತು. ಒಬ್ಬರ ಎಂಜಿನಿಯರ್‌ಗಳಿಗೆ ಇನ್ನೊಬ್ಬರು ತಾವಾಗಿ ಫೋನ್ ಮಾಡಿ ಕರೆಯಬಾರದು ಅಂತ ಈ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು ಅನ್ನೋದು ಆರೋಪ. ಕಂಪನಿಗಳು ತಪ್ಪು ಒಪ್ಪಿಕೊಳ್ಳದೆ, ಇನ್ನು ಮುಂದೆ ಹಾಗೆ ಮಾಡಲ್ಲ ಅಂತ ರಾಜಿಯಾದವು. ಆಮೇಲೆ ನೌಕರರೇ ಹೂಡಿದ ಕೇಸಿನಲ್ಲಿ ಸುಮಾರು 64,000 ಜನರಿದ್ದರು. ಸ್ಯಾನ್ ಹೋಸೆಯ ನ್ಯಾಯಾಧೀಶೆ ಲೂಸಿ ಕೋ 2014ರಲ್ಲಿ 324.5 ಮಿಲಿಯನ್ ಡಾಲರ್ ರಾಜಿಯನ್ನ ಸಾಲದು ಅಂತ ತಿರಸ್ಕರಿಸಿದರು. 2015ರಲ್ಲಿ 415 ಮಿಲಿಯನ್‌ಗೆ ಮುಗಿಯಿತು. ಭಾಗಿಸಿದರೆ, ವಕೀಲರ ಫೀಸು ಕಳೆಯೋಕೆ ಮೊದಲು, ತಲೆಗೆ ಸುಮಾರು 6,500 ಡಾಲರ್.

ಕ್ಯಾಲಿಫೋರ್ನಿಯಾದಲ್ಲಿ ನೌಕರ ಪ್ರತಿಸ್ಪರ್ಧಿ ಕಂಪನಿಗೆ ಹೋಗದಂತೆ ಕರಾರು ಬರೆಸಿಕೊಳ್ಳೋದು 1872ರ ಕಾನೂನಿನಿಂದಲೂ ನಡೆಯಲ್ಲ. ನೌಕರನ ಕೈಯಲ್ಲಿ ಬರೆಸಿಕೊಳ್ಳಲಾಗದ ಕರಾರನ್ನ ಮಾಲೀಕರು ತಮ್ಮೊಳಗೇ ಮಾಡಿಕೊಂಡಿದ್ದರು ಅನ್ನೋದೇ ಆರೋಪದ ಸಾರ. ಬಂದಿರದ ಫೋನ್ ಕಾಲ್, ಏರಿರದ ಸಂಬಳ ಯಾರ ಪೇ ಸ್ಲಿಪ್‌ನಲ್ಲೂ ಕಾಣೋದಿಲ್ಲ. ಟ್ಯಾಕ್ಸ್ ಕಾಣುತ್ತೆ, ಪ್ರತಿ ಎರಡು ವಾರಕ್ಕೊಮ್ಮೆ, ಸೆಂಟ್ ಸಮೇತ. ಅದಕ್ಕೇ ನಮ್ಮ ಸಿಟ್ಟೆಲ್ಲ ಅದರ ಮೇಲೆ. ಎಚ್-1ಬಿ ವೀಸಾದಲ್ಲಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಂಪನಿ ಬದಲಾಯಿಸೋಕೆ ಕಾನೂನು ಬಿಡುತ್ತೆ, ಆದರೂ ಅರ್ಜಿ ಏನಾದೀತು ಅನ್ನೋ ಭಯಕ್ಕೆ ಎಷ್ಟೋ ಜನ ಕೂತಲ್ಲೇ ಕೂರ್ತಾರೆ. ಆ ಭಯಕ್ಕೂ ಒಂದು ಬೆಲೆ ಇದೆ. ಅದು ಸಂಬಳದಲ್ಲೇ ಕಳೆದುಹೋಗಿರುತ್ತೆ.

ಹಾಗಾದರೆ ಕನಿಷ್ಠ ಕೂಲಿ ಕಾನೂನು ಇದ್ದರೆ ಸಾಕಾ? ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳನ್ನ ನೋಡಿ. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಕೋವಿಡ್ ಅಂತ ರಾಜ್ಯ ಸರ್ಕಾರ ಮುಂದೂಡಿತು, ಹೈಕೋರ್ಟ್ ಕೊಡಿ ಅಂದಿತು, ಆದರೂ ಸುಮಾರು ನಾಲ್ಕು ಲಕ್ಷ ಗಾರ್ಮೆಂಟ್ ಕೆಲಸಗಾರರಿಗೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಅದು ಸಿಗಲಿಲ್ಲ. ಹೊರದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದಮೇಲೆ ಬಾಕಿ ಬರತೊಡಗಿತು. ನ್ಯೂ ಜರ್ಸಿಯಲ್ಲಿ ಕಾನೂನು ಬಂದಮೇಲೆ 85% ಅಂಗಡಿಗಳಲ್ಲಿ ಆರಂಭದ ಕೂಲಿ ಸರಿಯಾಗಿ 5.05ಕ್ಕೆ ಬಂದು ನಿಂತಿತ್ತು. ಪುಸ್ತಕದ ಇಡೀ ವಾದ ಆ ವಿಧೇಯತೆಯ ಮೇಲೆ ನಿಂತಿದೆ. ಕಾನೂನು ಕೇಳಿಸಿಕೊಳ್ಳದಷ್ಟು ಶಕ್ತಿ ಒಂದೇ ಕಡೆ ಇದ್ದಲ್ಲಿ ಆ ಪುಟಗಳು ಪೂರ್ತಿ ಕೆಲಸ ಮಾಡಲ್ಲ.

ಇನ್ನು ನಮ್ಮ ಮೊದಲ ಸುತ್ತು, ಟ್ಯಾಕ್ಸ್. ಕ್ಯಾಲಿಫೋರ್ನಿಯಾದ ಮತದಾರರು 2012ರಲ್ಲಿ ಪ್ರಾಪೊಸಿಷನ್ 30 ಒಪ್ಪಿ ಮೇಲಿನ ಆದಾಯದ ದರ ಏರಿಸಿದರು. ತುದಿಯ ದರ 10.3%ನಿಂದ 13.3% ಆಯ್ತು. 2016ರಲ್ಲಿ ಅದನ್ನ 2030ರವರೆಗೆ ವಿಸ್ತರಿಸಿದರು. ಗಂಡ ಹೆಂಡತಿ ಸೇರಿ ಲೆಕ್ಕ ಕೊಟ್ಟರೆ ಅವತ್ತಿಗೆ ಈ ಏರಿಕೆ ಮುಟ್ಟುತ್ತಿದ್ದದ್ದು 5 ಲಕ್ಷ ಡಾಲರ್ ಮೇಲಿನ ಆದಾಯವನ್ನ ಮಾತ್ರ. ಇದನ್ನೂ ಜೋಶುವಾ ರೌ ಮತ್ತು ರಯಾನ್ ಶ್ಯು ಅಳೆದಿದ್ದಾರೆ. ಬರಬೇಕಿದ್ದ ಹೆಚ್ಚುವರಿ ಹಣದಲ್ಲಿ ಸುಮಾರು 45% ಮೊದಲ ವರ್ಷವೇ ಕರಗಿತು ಅಂತಾರೆ. ಆದರೆ ರಾಜ್ಯ ಬಿಟ್ಟು ಓಡಿಹೋದವರಿಂದ ಆದದ್ದು ಅದರಲ್ಲಿ ಚಿಕ್ಕ ಪಾಲು. ಹೆಚ್ಚಿನದು ಇಲ್ಲೇ ಉಳಿದವರು ತೋರಿಸಿದ ಆದಾಯ ಕಡಿಮೆಯಾದದ್ದರಿಂದ. ಟ್ಯಾಕ್ಸ್ ಪರ ಇರುವವರು ಮೊದಲ ಅಂಕಿಯನ್ನ ಮುಚ್ಚಿಡಬಾರದು, ವಿರೋಧಿಗಳು ಎರಡನೇದನ್ನ. 20 ಡಾಲರ್ ಕೂಲಿಯ ವಿಷಯದಲ್ಲೂ ಹೀಗೇ: ಬರ್ಕ್ಲಿಯ ಸಂಶೋಧಕರು ಕೆಲಸ ಹೋಗಿಲ್ಲ ಅಂದರೆ, ಇನ್ನೊಂದು ತಂಡ ಸುಮಾರು 18,000 ಕೆಲಸ ಹೋಯ್ತು ಅನ್ನುತ್ತೆ. ಎರಡನ್ನೂ ಓದಿ, ಯಾರು ಯಾವುದನ್ನ ಯಾವುದಕ್ಕೆ ಹೋಲಿಸಿದರು ಅಂತ ನೋಡಿ. ಪುಸ್ತಕ ಕಲಿಸೋದು ಈ ಅಭ್ಯಾಸವನ್ನ.

ನನ್ನ ತೀರ್ಮಾನ ಹೇಳ್ತೀನಿ, ನೀವು ಒಪ್ಪಬೇಕಿಲ್ಲ. ಟ್ಯಾಕ್ಸ್ ಅನ್ನೋದು ಪಾಲು ಹಂಚಿ ಆದಮೇಲೆ ಮಾಡುವ ತಿದ್ದುಪಡಿ. ಕನಿಷ್ಠ ಕೂಲಿ ಹಂಚುವಾಗ ಇಡುವ ನೆಲಗಟ್ಟು. ಆಂಟಿಟ್ರಸ್ಟ್ ಕಾನೂನು ಹಂಚುವ ಸೌಟು ಯಾರ ಕೈಯಲ್ಲಿದೆ ಅಂತ ಕೇಳುತ್ತೆ. ಸೌಟು ಒಬ್ಬರ ಕೈಯಲ್ಲೇ ಇದ್ದರೆ ನೆಲಗಟ್ಟನ್ನ ದಾಟೋದಕ್ಕೂ ದಾರಿ ಸಿಗುತ್ತೆ, ತಿದ್ದುಪಡಿಯಿಂದ ಜಾರಿಕೊಳ್ಳೋದಕ್ಕೂ. ನಾವು ಉಲ್ಟಾ ಕಡೆಯಿಂದ ಶುರುಮಾಡ್ತೀವಿ, ಯಾಕಂದರೆ ಕಣ್ಣಿಗೆ ಬೀಳೋದು ಕೊನೆಯದು. ಎಂಜಿನಿಯರ್‌ಗೂ ದೋಸೆ ಹುಯ್ಯುವವರಿಗೂ ಆದಾಯದಲ್ಲಿ ಆಕಾಶ ಭೂಮಿ ಅಂತರ ಇದೆ, ಅದನ್ನ ಮರೆಮಾಚೋದು ಬೇಡ. ಆದರೆ ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯಕ್ಕೆ ಬೆಲೆ ಇದೆ ಅನ್ನೋದು ಇಬ್ಬರಿಗೂ ಒಂದೇ ಪಾಠ.

ಮುಂದಿನ ಸಲ ಮಾತು ಟ್ಯಾಕ್ಸ್‌ನಿಂದ ಶುರುವಾದರೆ ಒಂದು ಪ್ರಶ್ನೆ ಮೊದಲು ಕೇಳಿ: ಈ ಸಂಬಳ ಇಷ್ಟೇ ಅಂತ ನಿರ್ಧಾರ ಆದಾಗ, ಬೇಡ ಅಂತ ಎದ್ದುಹೋಗೋಕೆ ಯಾರಿಗೆ ಆಗುತ್ತಿತ್ತು? ಕನ್ನಡ ಕಲಿಯುತ್ತಿರುವ ಮಕ್ಕಳು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ‘ಕೂಲಿ’ ಮತ್ತು ‘ಸಂಬಳ’ ಅಂತ ಎರಡು ಪದ ಯಾಕೆ ಬೇಕು ಅಂತ ಅವರು ಕೇಳಿದರೆ, ಉತ್ತರ ಯೋಚಿಸಿ ಹೇಳಿ.